ಒಟ್ಟೆ ಮುಕ್ಕಾಲಿನ ಕಾಲ

ವಾಟ್ಸಪ್ಪಿನಲ್ಲಿ ಒಂದು ಚಿತ್ರ ವರ್ಷಕ್ಕೆ ಎರಡು ಸಲವಾದರೂ ಸುತ್ತು ಹೊಡೆದು ಬರುತ್ತದೆ. ಆಗಸ್ಟ್ ಹದಿನೈದಕ್ಕೊಮ್ಮೆ, ಬಜೆಟ್ಟಿನ ಹೊತ್ತಿಗೆ ಇನ್ನೊಮ್ಮೆ. 1947ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಎಂಬತ್ತೆಂಟು ರೂಪಾಯಿ ಅಂತ ಅದರಲ್ಲಿ ಬರೆದಿರುತ್ತದೆ. ಕೆಳಗೆ ಯಾರಾದರೂ ಒಬ್ಬರು, 'ಎಂಥಾ ಕಾಲ ಮಾರಾಯ್ರೇ, ನಾವು ಆಗ ಹುಟ್ಟಬೇಕಿತ್ತು' ಅಂತ ಸೇರಿಸಿರುತ್ತಾರೆ. ನಮ್ಮ ಶಾಲೆಯ ಮಕ್ಕಳೂ ಇದನ್ನು ಮನೆಯ ಮೊಬೈಲಿನಲ್ಲಿ ನೋಡಿ ಬರುತ್ತಾರೆ. ಒಬ್ಬ ಹುಡುಗ ನನ್ನನ್ನು ಕೇಳಿಯೇಬಿಟ್ಟ: "ಮಾಷ್ಟ್ರೇ, ಹಾಗಾದ್ರೆ ಆಗ ಎಲ್ಲರೂ ಶ್ರೀಮಂತರಾ?"

ಚಿನ್ನದ ಆ ಲೆಕ್ಕ ಸುಳ್ಳಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಬೇಕು. ಅದೇ 1947ರಲ್ಲಿ ಮೊದಲನೆಯ ವೇತನ ಆಯೋಗ ಕೇಂದ್ರ ಸರಕಾರದ ತೀರಾ ಕೆಳಗಿನ ನೌಕರನಿಗೆ ತಿಂಗಳಿಗೆ 55 ರೂಪಾಯಿ ಸಿಗಬೇಕು ಎಂದಿತು. ಮೂಲ ವೇತನ 30, ತುಟ್ಟಿಭತ್ಯೆ 25. ಒಂದು ಪವನಿಗೆ ಸುಮಾರು 71 ರೂಪಾಯಿ. ಅಂದರೆ ತಿಂಗಳಿಡೀ ದುಡಿದ ಜವಾನ, ಉಪವಾಸ ಕೂತರೂ, ಒಂದು ಪವನು ಕೊಳ್ಳುವ ಹಾಗಿರಲಿಲ್ಲ. ಅವನದ್ದಾದರೂ ಸರಕಾರದ ಕೆಲಸ. ನಮ್ಮ ಕಡೆ ಗದ್ದೆಗೆ ಇಳಿಯುತ್ತಿದ್ದವರಿಗೆ ತಿಂಗಳ ಸಂಬಳ ಎಂಬುದೇ ಇರಲಿಲ್ಲ. ಸಂಬಳಕ್ಕೆ ಹೋಲಿಸಿದರೂ ಚಿನ್ನ ಈಗಲೇ ಹೆಚ್ಚು ದುಬಾರಿ, ಅದನ್ನು ಒಪ್ಪುತ್ತೇನೆ. ಆದರೆ ಚಿನ್ನವನ್ನು ಬೇಯಿಸಿ ಉಣ್ಣಲಿಕ್ಕಾಗುವುದಿಲ್ಲವಲ್ಲ! ಆಗಿನ ಪ್ರಶ್ನೆ ಇದ್ದದ್ದು ಅಕ್ಕಿಯದ್ದು, ಬಟ್ಟೆಯದ್ದು, ಚಿಮಿಣಿ ಎಣ್ಣೆಯದ್ದು.

ಕಾಸರಗೋಡು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಯುದ್ಧ ಇಲ್ಲಿಗೆ ಬಾಂಬಿನ ರೂಪದಲ್ಲಿ ಬರಲಿಲ್ಲ, ಅಕ್ಕಿಯ ರೂಪದಲ್ಲಿ ಬಂತು. ಮದ್ರಾಸು ಪ್ರಾಂತ ಬರ್ಮಾದ ಅಕ್ಕಿಯನ್ನು ನೆಚ್ಚಿಕೊಂಡಿತ್ತು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋದದ್ದೇ ತಡ, ಆ ಅಕ್ಕಿ ನಿಂತಿತು. ಕಂಟ್ರೋಲು ಬಂತು, ಕಾರ್ಡು ಬಂತು, ಜಿಲ್ಲೆಯಿಂದ ಜಿಲ್ಲೆಗೆ ಅಕ್ಕಿ ಸಾಗಿಸಲಿಕ್ಕೆ ಪರ್ಮಿಟ್ಟು ಬಂತು. ಬೆನ್ನಿಗೇ ಕಾಳಸಂತೆಯೂ ಬಂತು.

1945ರ ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ಇನ್ನು ಎಲ್ಲ ಸರಿಹೋಗುತ್ತದೆ ಎಂದು ಜನ ತಿಳಿದಿದ್ದರು. ಆದದ್ದು ಬೇರೆಯೇ. 1946ರ ಆರಂಭದಲ್ಲಿ ದೊಡ್ಡವರೊಬ್ಬರ ದಿನದ ರೇಷನು ಒಂದು ರಾತಲಿನಿಂದ ಹನ್ನೆರಡು ಔನ್ಸಿಗೆ ಇಳಿಯಿತು. ಈಗಿನ ಲೆಕ್ಕದಲ್ಲಿ ಸುಮಾರು 340 ಗ್ರಾಂ. ಯುದ್ಧ ನಡೆಯುವಾಗ ಸಿಕ್ಕಿದ್ದಕ್ಕಿಂತ ಯುದ್ಧ ಮುಗಿದ ಮೇಲೆ ಸಿಕ್ಕಿದ್ದು ಕಡಿಮೆ!

ದರಗಳ ಕಥೆಯೂ ಹಾಗೆಯೇ. 1939ರ ಆಗಸ್ಟಿನ ಸಗಟು ದರವನ್ನು 100 ಎಂದಿಟ್ಟುಕೊಂಡರೆ ಯುದ್ಧ ಮುಗಿಯುವಾಗ ಅದು 245ರ ಆಸುಪಾಸು. ಗಾಂಧೀಜಿಯವರು ಕಂಟ್ರೋಲೇ ಬೇಡ ಎನ್ನುತ್ತಿದ್ದರು, ಅದು ಜನರನ್ನು ಸುಳ್ಳರನ್ನಾಗಿ ಮಾಡುತ್ತದೆ ಎಂಬುದು ಅವರ ಆತಂಕ. 1947ರ ಡಿಸೆಂಬರಿನಲ್ಲಿ ಸರಕಾರ ಧಾನ್ಯದ ಹಿಡಿತ ಸಡಿಲಿಸಿತು. ಏಳೆಂಟು ತಿಂಗಳಲ್ಲಿ ಆ ಸೂಚಿ ಸುಮಾರು 300ರಿಂದ 390ರ ಹತ್ತಿರಕ್ಕೆ ನೆಗೆಯಿತು. 1948ರಲ್ಲೇ ಕಂಟ್ರೋಲು ಪುನಃ ಬಂತು. ನಮ್ಮ ಪ್ರಾಂತದಲ್ಲಿ ಅದು ತೊಲಗಿದ್ದು 1952ರ ಜೂನಿನಲ್ಲಿ, ರಾಜಾಜಿ ಮುಖ್ಯಮಂತ್ರಿಯಾದ ಮೇಲೆ. ಸ್ವಾತಂತ್ರ್ಯ ಬಂದ ಮೇಲೂ ಐದು ವರ್ಷ ಅಕ್ಕಿಗೆ ಸ್ವಾತಂತ್ರ್ಯ ಬಂದಿರಲಿಲ್ಲ ಅಂತ ನಮ್ಮ ಅಜ್ಜ ತಮಾಷೆ ಮಾಡುತ್ತಿದ್ದರು.

ಇವೆಲ್ಲ ಪುಸ್ತಕದ ಅಂಕಿಗಳು. ಅಂಕಿಯ ಆಚೆ ಏನಿತ್ತೆಂಬುದನ್ನು ನನಗೆ ಕಲಿಸಿದವರು ನಮ್ಮ ನೆರೆಕರೆಯ ಒಬ್ಬರು ಅಜ್ಜಿ. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಹನ್ನೆರಡು ಹದಿಮೂರರ ವಯಸ್ಸಿಗೆ ತಾಯಿಯ ಜೊತೆ ನೇಜಿ ನೆಡಲು ಹೋದವರು. ಶಾಲೆಯ ಮೆಟ್ಟಲು ಹತ್ತಿದವರಲ್ಲ, ಮಾತೆಲ್ಲ ತುಳುವಿನಲ್ಲಿ. ಆಗ ಕೂಲಿ ಕೊಡುತ್ತಿದ್ದದ್ದು ಅಕ್ಕಿಯಲ್ಲಿ, ಸೇರಿನಲ್ಲಿ ಅಳೆದು. ಗಂಡಸರಿಗೆ ಹೆಚ್ಚು, ಹೆಂಗಸರಿಗೆ ಕಡಿಮೆ. ಪೇಟೆಯಲ್ಲಿ ಅಕ್ಕಿಯ ದರ ಏರಿದರೂ ಅಳತೆಯ ಸೇರು ಸಣ್ಣದಾಗುವುದಿಲ್ಲವಲ್ಲ, ಹಾಗಾಗಿ ಅದೊಂದು ಧೈರ್ಯ. ಆದರೆ ಕಾಳಸಂತೆಯಲ್ಲಿ ಅಕ್ಕಿಗೆ ಬೆಲೆ ಬಂದಾಗ ಧಣಿಗಳ ಮನೆಯಲ್ಲಿ, "ಈ ಸಲ ಅಕ್ಕಿ ಬೇಡ, ದುಡ್ಡು ತಗೊಳ್ಳಿ" ಅಂದರಂತೆ. ಕೈಗೆ ಬಂದ ಆಣೆಗಳನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಅಲ್ಲಿ ಅಕ್ಕಿ ಇಲ್ಲ. ಇದ್ದರೂ ಆ ದುಡ್ಡಿಗೆ ಇಲ್ಲ. ಅಜ್ಜಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು: "ದುಡ್ಡು ಬೇಯುವುದಿಲ್ಲವಲ್ಲ ಮಾಷ್ಟ್ರೇ."

ಹಣದುಬ್ಬರದ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದ ವಾಕ್ಯವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಮತ್ತೆ ಏನು ಬೇಯುತ್ತಿತ್ತು? ಮರಗೆಣಸು, ಕೆಸು, ಬಾಳೆದಂಡು, ಹಲಸಿನ ಬೀಜ. ಹಲಸಿನ ಮರವೊಂದು ಇದ್ದರೆ ಮಳೆಗಾಲ ಕಳೆಯಿತು ಎಂದು ಲೆಕ್ಕ. ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟ ಭರಣಿ ಆಟಿ ತಿಂಗಳಿಗೆ ಆಧಾರ. ಈಗ ಮಂಗಳೂರಿನ ಹಲಸು ಮೇಳಗಳಲ್ಲಿ ಉಪ್ಪುಸೊಳೆಯ ರೊಟ್ಟಿಗೆ ಜನ ಸಾಲು ನಿಲ್ಲುತ್ತಾರೆ, ಚಿತ್ರ ತೆಗೆಯುತ್ತಾರೆ. ನಮ್ಮ ಅಜ್ಜಿ ಮಾತ್ರ ಕಡೆಯವರೆಗೂ ಅದನ್ನು ಮುಟ್ಟಲಿಲ್ಲ. "ತಿಂದದ್ದು ಸಾಕು" ಅನ್ನುತ್ತಿದ್ದರು. ರುಚಿಯಿಲ್ಲದೆ ಅಲ್ಲ, ನೆನಪಿದ್ದುದರಿಂದ. 1951ರ ಹೊತ್ತಿಗೆ ಅಮೆರಿಕದ ಗೋಧಿ, ಮೈಲೋ ಎಂಬ ಜೋಳ ರೇಷನಿನಲ್ಲಿ ಬರತೊಡಗಿದವು. ಕುಚ್ಚಿಲಕ್ಕಿಯ ಗಂಜಿ ಕುಡಿದು ಬೆಳೆದವರಿಗೆ ಅವನ್ನು ಏನು ಮಾಡುವುದೆಂದೇ ಗೊತ್ತಿರಲಿಲ್ಲ. ಗೋಧಿಯನ್ನು ಅಕ್ಕಿಯಂತೆಯೇ ಬೇಯಿಸಿ ಗಂಜಿ ಮಾಡಿದವರೂ ಇದ್ದರಂತೆ.

ಸಕ್ಕರೆ ಸಿಗದಾಗ ಬೆಲ್ಲದ ಕಾಫಿ. ಬಟ್ಟೆಗೂ ಕಂಟ್ರೋಲು ಇದ್ದುದರಿಂದ ಹರಿದ ಸೀರೆ ಮಕ್ಕಳ ಲಂಗವಾಗಿ, ಲಂಗ ತೊಟ್ಟಿಲ ಬಟ್ಟೆಯಾಗಿ ಮೂರು ಜನ್ಮ ಎತ್ತುತ್ತಿತ್ತು. ಚಿಮಿಣಿ ಎಣ್ಣೆ ಇಲ್ಲದ ರಾತ್ರಿ ಹೊನ್ನೆ ಎಣ್ಣೆಯ ದೀಪ, ದಾರಿಗೆ ತೆಂಗಿನ ಗರಿಯ ಸೂಟೆ.

ಎಣ್ಣೆಯ ಬರ ಬರೀ ಅಡುಗೆಕೋಣೆಯ ವಿಷಯವಲ್ಲ, ಆಟದ ವಿಷಯವೂ ಹೌದು. ನಮ್ಮೂರಿನಲ್ಲಿ ಮನರಂಜನೆ ಎಂದರೆ ಬೇಸಗೆಯಲ್ಲಿ ಬಯಲಾಟ, ಮಳೆಗಾಲದಲ್ಲಿ ತಾಳಮದ್ದಳೆ. ರಂಗಸ್ಥಳಕ್ಕೆ ಗ್ಯಾಸ್‌ಲೈಟು ಬೇಕು, ಗ್ಯಾಸ್‌ಲೈಟಿಗೆ ಚಿಮಿಣಿ ಎಣ್ಣೆ ಬೇಕು. ಎಣ್ಣೆ ಸಿಗದಿದ್ದರೆ ಹಳೆಯ ದೀವಟಿಗೆಯೇ ಗತಿ. ತಾಳಮದ್ದಳೆಗೆ ಆ ಕಷ್ಟವಿಲ್ಲ. ವೇಷ ಬೇಡ, ರಂಗಸ್ಥಳ ಬೇಡ, ಒಂದು ದೀಪ, ಹರಿವಾಣದಲ್ಲಿ ವೀಳ್ಯ ಇದ್ದರೆ ಬೆಳಗಿನವರೆಗೆ ಮಾತು. ಗಂಜಿಗೆ ಅಕ್ಕಿ ಇಲ್ಲದವರೂ ಕೃಷ್ಣ ಸಂಧಾನದ ರಾತ್ರಿ ಚಾವಡಿಯ ಮೂಲೆಯಲ್ಲಿ ಕೂತು ಕೇಳಬಹುದಿತ್ತು, ಟಿಕೇಟಿಲ್ಲ. ಎಲ್ಲರೂ ಚಾವಡಿಗೆ ಹತ್ತುವ ಹಾಗಿರಲಿಲ್ಲ, ಕೆಲವರು ಅಂಗಳದಲ್ಲಿ ನಿಂತೇ ಕೇಳಬೇಕಿತ್ತು ಎಂಬುದನ್ನೂ ಹೇಳಬೇಕು. ಹಳೆಯದನ್ನು ಹೊಗಳುವಾಗ ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ರೇಡಿಯೋ? ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಆಕಾಶವಾಣಿಯ ನಿಲಯಗಳು ಆರು, ರೇಡಿಯೋ ಸೆಟ್ಟುಗಳು ಸುಮಾರು ಎರಡೂಮುಕ್ಕಾಲು ಲಕ್ಷ. ಭಾಗಿಸಿ ನೋಡಿ, ಸಾವಿರದ ಇನ್ನೂರು ಜನಕ್ಕೆ ಒಂದು ಸೆಟ್ಟು. ಒಂದು ಹಳ್ಳಿಗೆ ಒಂದು ಅಂದುಕೊಂಡರೂ ಆ ಒಂದು ನಮ್ಮ ಹಳ್ಳಿಯಲ್ಲಿ ಇರಲಿಲ್ಲ. 1952ರಲ್ಲಿ ಆಕಾಶವಾಣಿಯಿಂದ ಹಿಂದಿ ಸಿನಿಮಾ ಹಾಡು ಮಾಯವಾದಾಗ ಜನ ಸಿಲೋನಿಗೆ ತಿರುಗಿಸಿದರು. ಅದೇ ಡಿಸೆಂಬರಿನಲ್ಲಿ ಬಿನಾಕಾ ಗೀತಮಾಲಾ ಶುರುವಾಯಿತು. ಹಿಂದಿ ಅರ್ಥವಾಗದವರೂ ಪೇಟೆಯ ಹೋಟೆಲಿನ ಮುಂದೆ ನಿಂತು ಕೇಳಿ, ಹಾಡನ್ನು ತಮಗೆ ತೋಚಿದ ಶಬ್ದಗಳಲ್ಲಿ ಮನೆಗೆ ಹೊತ್ತು ತಂದರು.

ಸಿನಿಮಾ ನೋಡಬೇಕಾದರೆ ರೈಲು ಹತ್ತಿ ಮಂಗಳೂರಿಗೆ ಹೋಗಬೇಕು. 1948ರಲ್ಲಿ ಜೆಮಿನಿಯ 'ಚಂದ್ರಲೇಖಾ' ಬಂತು, ದೈತ್ಯ ಡೋಲುಗಳ ಮೇಲೆ ಕುಣಿಯುವ ನೂರಾರು ಜನರ ಸಿನಿಮಾ. ರೇಷನ್ ಕಾರ್ಡಿನ ಕಾಲದಲ್ಲಿ ಅಷ್ಟು ಅದ್ದೂರಿ! ಬಹುಶಃ ಅದಕ್ಕೇ ಜನ ಮುಗಿಬಿದ್ದರು. ಕನ್ನಡ ಸಿನಿಮಾಗಳು ಆಗ ಬೆರಳೆಣಿಕೆಯವು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದು ರಾಜಕುಮಾರ್ ಎಂಬ ಹೆಸರು ಕೇಳುವವರೆಗೂ ನಮ್ಮವರ ಸಿನಿಮಾ ತಮಿಳಿನದ್ದು, ಹಿಂದಿಯದ್ದು.

ಇಲ್ಲಿ ಗಡಿಯವರಾದ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. 'ಬೇಡರ ಕಣ್ಣಪ್ಪ' ತಯಾರಾದದ್ದು ಮದ್ರಾಸಿನಲ್ಲಿ. ಮಕ್ಕಳ ಕೈಗೆ ಬಂದ 'ಚಂದಮಾಮ'ವೂ ಮದ್ರಾಸಿನದ್ದೇ. 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಹೊರಟ ಅದು ಎರಡು ವರ್ಷದ ಮೇಲೆ ಕನ್ನಡಕ್ಕೆ ಬಂತು. ಒಂದು ಪ್ರತಿ ಹತ್ತು ಮನೆ ಸುತ್ತಿ, ಮುಖಪುಟ ಹರಿದ ಮೇಲೆ ವಾಪಸು ಬರುತ್ತಿತ್ತಂತೆ. ಮದ್ರಾಸು ನಮಗೆ ಆಗ ಪರಸ್ಥಳವಲ್ಲ, ನಮ್ಮ ರಾಜಧಾನಿ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಗೌರವ ಕೊಟ್ಟದ್ದೂ ಮದ್ರಾಸು ಸರಕಾರವೇ.

ಆಮೇಲೆ ಐದೇ ತಿಂಗಳಲ್ಲಿ ಎರಡು ಬದಲಾವಣೆಗಳು ಬಂದವು. 1956ರ ನವೆಂಬರ್ ಒಂದಕ್ಕೆ ನಾವು ಕೇರಳದವರಾದೆವು. 1957ರ ಏಪ್ರಿಲ್ ಒಂದಕ್ಕೆ ಆಣೆ ಹೋಗಿ ನಯಾಪೈಸೆ ಬಂತು. ಅದಕ್ಕೆ ಮೊದಲು ಲೆಕ್ಕ ಹೀಗಿತ್ತು: ಮೂರು ಕಾಸಿಗೆ ಒಂದು ಮುಕ್ಕಾಲು, ನಾಲ್ಕು ಮುಕ್ಕಾಲಿಗೆ ಒಂದು ಆಣೆ, ನಾಲ್ಕು ಆಣೆಗೆ ಒಂದು ಪಾವಲಿ, ಹದಿನಾರು ಆಣೆಗೆ ರೂಪಾಯಿ. ಯುದ್ಧದ ಮಧ್ಯೆ, 1943ರಲ್ಲಿ, ಲೋಹ ಉಳಿಸಲು ನಡುವೆ ತೂತಿರುವ ಮುಕ್ಕಾಲು ಟಂಕಿಸಿದರು. ಅದೇ ಒಟ್ಟೆ ಮುಕ್ಕಾಲು. 1947ರವರೆಗೆ ಹೊರಟಿತು. ಮಕ್ಕಳು ಅದನ್ನು ಉಡಿದಾರಕ್ಕೆ ಪೋಣಿಸುತ್ತಿದ್ದರು. ಒಂದು ಆಣೆ ಎಂದರೆ ಆರೂಕಾಲು ನಯಾಪೈಸೆ. ಆ ಕಾಲಿಗೆ ನಾಣ್ಯವಿಲ್ಲ, ಆರು ಕೊಟ್ಟು ಮುಗಿಸುತ್ತಿದ್ದರು. ಹೀಗೆ ಒಂದೊಂದೇ ಆಣೆ ಕೊಟ್ಟು ಬದಲಿಸಿದವರಿಗೆ ರೂಪಾಯಿಗೆ ನಾಲ್ಕು ಪೈಸೆ ನಷ್ಟ! ಮಕ್ಕಳಿಗೆ ಭಿನ್ನರಾಶಿ ಕಲಿಸುವಾಗ ನಾನು ಈ ಲೆಕ್ಕವನ್ನೇ ಕೊಡುವುದು. ಬಡವನ ಲೆಕ್ಕದಲ್ಲಿ ಕಾಲಿಗೂ ಬೆಲೆ ಇದೆ ಎಂದು ಅವರಿಗೆ ತಟ್ಟನೆ ತಿಳಿಯುತ್ತದೆ.

ಅಕ್ಕಿಯ ಅಳತೆಯೂ ಹೋಯಿತು. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಆ ದುಂಡನೆಯ ಮುಡಿಯಲ್ಲೇ ಗೇಣಿ ಸಲ್ಲಬೇಕು. ಬೆಳೆ ಬರಲಿ ಬಾರದಿರಲಿ, ಒಕ್ಕಲು ಧಣಿಯ ಮನೆಗೆ ಮುಡಿ ಹೊರಬೇಕು. 1970ರ ಜನವರಿ ಒಂದಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ಮುಗಿಯಿತು. ನಮ್ಮ ಅಜ್ಜಿಯ ಪಾಲಿಗೆ ಯುದ್ಧ ಮುಗಿದ ದಿನ ಅದು ಅಂತ ನನಗೆ ಅನಿಸುತ್ತದೆ.

ನನ್ನ ತರಗತಿಯ ಮಕ್ಕಳಿಗೆ ಈಗ ಮುಡಿ ಎಂದರೆ ತಲೆಗೂದಲು ಮಾತ್ರ. ಅದು ತಪ್ಪೂ ಅಲ್ಲ. ಆದರೆ ಗಡಿಯ ಈಚೆ ಕನ್ನಡ ಉಳಿಸಬೇಕು ಎಂದು ನಾವು ಸಭೆ ಮಾಡುತ್ತೇವಲ್ಲ, ಉಳಿಸಬೇಕಾದ ಕನ್ನಡದಲ್ಲಿ ಈ ಮುಡಿ, ಕಳಸಿಗೆ, ಮುಕ್ಕಾಲೂ ಇವೆ. ಅವು ಬರೀ ಶಬ್ದಗಳಲ್ಲ. ಯಾರ ಪತ್ತಾಯ ತುಂಬಿತ್ತು, ಯಾರ ಒಲೆ ಉರಿಯಲಿಲ್ಲ ಎಂಬ ಲೆಕ್ಕ ಅವುಗಳಲ್ಲಿದೆ. ಆ ಲೆಕ್ಕ ಮರೆತರೆ ಕೈಯಲ್ಲಿ ಉಳಿಯುವುದು ಎಂಬತ್ತೆಂಟು ರೂಪಾಯಿಯ ಚಿನ್ನದ ಚಿತ್ರ ಒಂದೇ.

ಆ ಕಾಲವನ್ನು ಕಂಡವರು ಇನ್ನು ಎಷ್ಟು ಮಂದಿ ಇದ್ದಾರೆ? ಎಂಬತ್ತೈದು, ತೊಂಬತ್ತು ದಾಟಿದವರು. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಒಬ್ಬರಿದ್ದರೆ ಈ ಭಾನುವಾರವೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. "ಆಗ ಅಕ್ಕಿಗೆ ಎಷ್ಟಿತ್ತು?" ಎಂದು ಕೇಳಬೇಡಿ. ಒಂದು ಅಂಕಿ ಹೇಳಿ ಸುಮ್ಮನಾಗುತ್ತಾರೆ. "ಆಗ ಅಕ್ಕಿ ಸಿಗುತ್ತಿತ್ತಾ?" ಅಂತ ಕೇಳಿ. ಆಮೇಲೆ ನೀವು ಮಾತಾಡಬೇಕಾಗಿಲ್ಲ.