ಬೆರಳಿಗೆ ಕಂಡ ಕತ್ತಲೆ

ಕನ್ನಡದ ಕಿವಿಗೆ 'ಮೋಜೂ' ಎಂಬ ಹೆಸರು ವಿನೋದದಂತೆ ಕೇಳಿಸುತ್ತದೆ. ಜಪಾನೀ ಭಾಷೆಯಲ್ಲಿ ಅದರ ಅರ್ಥ 'ಕುರುಡು ಮೃಗ'. ಯಾಸುಜೊ ಮಾಸುಮುರಾ ನಿರ್ದೇಶಿಸಿದ 1969ರ ಈ ಚಿತ್ರವನ್ನು ಮುಂಬಯಿಯ ನಮ್ಮ ಬಳಗದವರು ಒಂದು ಭಾನುವಾರ ಒಟ್ಟಿಗೆ ಕುಳಿತು ನೋಡಿದೆವು. ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಚಿತ್ರಕ್ಕೆ ಆಧಾರ ಎಡೊಗಾವಾ ರಾಂಪೊ ಅವರ ಕಾದಂಬರಿ. ಎಡ್ಗರ್ ಅಲನ್ ಪೋ ಎಂಬ ಹೆಸರನ್ನೇ ಜಪಾನೀ ನಾಲಗೆಗೆ ಒಗ್ಗಿಸಿ ಇಟ್ಟುಕೊಂಡ ಕಾವ್ಯನಾಮವದು. ಕಥೆ ಸರಳ. ಆಕಿ ಎಂಬ ರೂಪದರ್ಶಿಯ ಶಿಲ್ಪವನ್ನು ಪ್ರದರ್ಶನದಲ್ಲಿ ಅಂಧನೊಬ್ಬ ತಡವುತ್ತಿದ್ದಾನೆ. ದೂರದಲ್ಲಿ ನಿಂತ ಆಕೆಗೆ ತನ್ನ ಮೈಯನ್ನೇ ಮುಟ್ಟಿದಂತಾಗುತ್ತದೆ. ಮುಂದೆ ಆತನೇ ಮೈ ನೀವುವವನಾಗಿ ಬಂದು ಆಕೆಯನ್ನು ಅಪಹರಿಸುತ್ತಾನೆ. ಜಪಾನಿನಲ್ಲಿ ಅದು ಅಂಧರ ಪಾರಂಪರಿಕ ವೃತ್ತಿ. ಆದುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಆಕೆ ಕಣ್ತೆರೆಯುವುದು ಗೋದಾಮಿನಂಥ ಶಿಲ್ಪಶಾಲೆಯಲ್ಲಿ. ಗೋಡೆಗಳ ತುಂಬ ಕಣ್ಣು, ಮೂಗು, ತುಟಿ, ಕೈಕಾಲುಗಳ ಶಿಲ್ಪಗಳು. ನಡುವೆ ಬೆಟ್ಟದಂತೆ ಮಲಗಿದ ನಗ್ನ ದೇಹಗಳು. ಸ್ಪರ್ಶಕ್ಕೆ ಮಾತ್ರ ನಿಲುಕುವ ಹೊಸ ಕಲೆಯೊಂದನ್ನು ಸೃಷ್ಟಿಸುವುದು ಶಿಲ್ಪಿ ಮಿಚಿಯೊನ ಹಂಬಲ. ಅವನ ತಾಯಿಯೂ ಈ ಕೃತ್ಯಕ್ಕೆ ಸಹಾಯಕಿ. ಆಕಿ ಬೇಡುತ್ತಾಳೆ, ನಟಿಸುತ್ತಾಳೆ, ಓಡಲೆತ್ನಿಸುತ್ತಾಳೆ. ಕೊನೆಗೆ ಕತ್ತಲೆಯಲ್ಲಿ ತಾನೂ ದೃಷ್ಟಿ ಕಳೆದುಕೊಂಡು, ನೋವನ್ನೇ ಸುಖವೆಂದು ಬಯಸುವ ಸ್ಥಿತಿಗೆ ಇಳಿಯುತ್ತಾಳೆ.

ಅಂತ್ಯದ ಕ್ರೌರ್ಯಕ್ಕಿಂತ ನಮ್ಮನ್ನು ಹೆಚ್ಚು ಕಲಕಿದ್ದು ನಮ್ಮದೇ ಮನಸ್ಸು. ಕಥೆಯನ್ನು ಆಕಿಯ ಧ್ವನಿಯೇ ಹೇಳುತ್ತದೆ. ಆ ಧ್ವನಿಯನ್ನು ನಂಬಿ, ಯಾವುದೋ ಘಟ್ಟದಲ್ಲಿ ನಾವೂ ಅದನ್ನು ಪ್ರೇಮವೆಂದು ಒಪ್ಪಿಕೊಂಡಿದ್ದೆವು. ಆಕೆಯ ಸಮ್ಮತಿ ಹುಟ್ಟಿದ್ದು ಬಾಗಿಲು ಮುಚ್ಚಿದ ಮೇಲೆ ಎಂಬುದು ಮರೆತೇಹೋಗಿತ್ತು. ಕಲೆಯ ಹೆಸರು ಕೇಳಿದೊಡನೆ ನಮ್ಮಂಥ ಓದುಗರು ಎಷ್ಟು ಬೇಗ ಉದಾರಿಗಳಾಗುತ್ತೇವೆ!

ಮೌನ ಮುರಿದವರು ಬಳಗದ ಹಿರಿಯರೊಬ್ಬರು. ಕೆಲವು ವರ್ಷಗಳಿಂದ ಅವರ ದೃಷ್ಟಿ ಮಸುಕಾಗುತ್ತ ಬಂದಿದೆ. ಪಕ್ಕದಲ್ಲಿದ್ದವರು ದೃಶ್ಯಗಳನ್ನು ವಿವರಿಸುತ್ತಿದ್ದರು, ಅವರು ಕೇಳುತ್ತಿದ್ದರು.

"ಇವನು ಮೃಗವಾದದ್ದು ಕುರುಡನಾದ್ದರಿಂದಲ್ಲ," ಎಂದರು. "ನಾನೀಗ ಲೋಟ, ಬಾಗಿಲು, ಮೊಮ್ಮಗಳ ಮುಖ, ಎಲ್ಲವನ್ನೂ ಮುಟ್ಟಿಯೇ ತಿಳಿಯುತ್ತೇನೆ. ಆದರೆ ಮುಖ ಮುಟ್ಟುವ ಮೊದಲು ಅವಳನ್ನು ಕೇಳುತ್ತೇನೆ. 'ಈಗ ಬೇಡ ಅಜ್ಜ' ಅನ್ನುವುದೂ ಉಂಟು. ಆಗ ಕೈ ಹಿಂದೆ ತೆಗೆದುಕೊಳ್ಳುತ್ತೇನೆ. ಇವನಿಗೆ ಆ 'ಬೇಡ' ಕೇಳಿಸಲೇ ಇಲ್ಲ."

ರಾಂಪೊ, ಮಾಸುಮುರಾ, ಜಪಾನೀ ಸಿನಿಮಾದ ಹೊಸ ಅಲೆ ಎಂದೆಲ್ಲ ಸಿದ್ಧಪಡಿಸಿಕೊಂಡಿದ್ದ ನಮ್ಮ ಟಿಪ್ಪಣಿಗಳು ಆ ಸಂಜೆ ಚೀಲದಲ್ಲಿಯೇ ಉಳಿದವು. ಮಾಸುಮುರಾ ಸ್ಪರ್ಶದ ಬಗ್ಗೆ ಮಾಡಿದ ಚಿತ್ರದಲ್ಲಿ ನಿಜಕ್ಕೂ ಕೆಟ್ಟುಹೋದ ಇಂದ್ರಿಯ ಕಿವಿ ಎಂಬುದು ನಮಗೆ ಹೊಳೆದಿರಲಿಲ್ಲ.

ಹೊರಡುವಾಗ ಎಂದಿನಂತೆ ಅವರ ತೋಳು ಹಿಡಿದು ಮೆಟ್ಟಿಲು ಇಳಿಸಲು ಮುಂದಾದೆವು. ಇಷ್ಟು ದಿನ ಹಾಗೆಯೇ ಹಿಡಿಯುತ್ತಿದ್ದೆವು. ಅದು ನಮ್ಮ ಪ್ರೀತಿಯೆಂದೇ ತಿಳಿದಿದ್ದೆವು. ಅಂದು ಮೊದಲ ಸಲ, "ಹಿಡಿದುಕೊಳ್ಳಲೇ?" ಎಂದು ಕೇಳಿದೆವು.

"ಬೇಡ," ಎಂದರು ಅವರು. "ನಾನೇ ನಿಮ್ಮ ಮೊಣಕೈ ಹಿಡಿದುಕೊಳ್ಳುತ್ತೇನೆ. ನನಗೆ ಹಾಗೆಯೇ ಸುಲಭ."