ಹೋಲ್ಡಾನ್

ನಮ್ಮ ತಂಗಿ ಬಿಎಂಟಿಸಿ ಬಸ್ಸಲ್ಲಿ ಎಷ್ಟೋ ಸಲ ಒಂದು ಸ್ಟಾಪ್ ಮುಂದೆ ಹೋಗಿ ಇಳೀತಾಳೆ. ಬಾಗಿಲು ಮುಚ್ಚೋ ಹೊತ್ತಿಗೆ "ಹೋಲ್ಡಾನ್" ಅಂತ ಕೂಗೋಕೆ ಅವಳಿಗೆ ಆಗಲ್ಲ. ವಿಜಯನಗರದಲ್ಲಿ ಇಳೀಬೇಕಾದವಳು ಟೋಲ್‌ಗೇಟ್‌ನಲ್ಲಿ ಇಳಿದು ವಾಪಸ್ ನಡ್ಕೊಂಡು ಬರ್ತಾಳೆ.

ಇಂಥವಳು ಸೆಕೆಂಡ್ ಪಿಯುಸಿ ಮುಗಿಸಿ "ನರ್ಸಿಂಗ್ ಮಾಡ್ತೀನಿ" ಅಂದಾಗ ನಾವು ನಕ್ಕೆವು. ನಾವು ಅಂದರೆ ಅಪ್ಪ, ಅಮ್ಮ ಮತ್ತು ಇದನ್ನು ಬರೀತಿರೋ ಅರೆಬೆಂದ ಇಂಜಿನಿಯರು.

ಅವಳ ಆಸೆ ಹುಟ್ಟಿದ್ದು ಹೋದ ವರ್ಷ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದಾಗ. ಆಸ್ಪತ್ರೆಯಲ್ಲಿ ಸರದಿ ಪ್ರಕಾರ ಕೂರ್ತಿದ್ದೆವು. ನಮ್ಮ ಸರದಿಯಲ್ಲಿ ಅಜ್ಜಿ "ಏನೂ ಬೇಡ" ಅಂದರೆ ನಾವು ನಂಬ್ತಿದ್ದೆವು. ತಂಗಿ ನಂಬ್ತಿರಲಿಲ್ಲ. ಬೆಡ್‌ಪ್ಯಾನ್ ಕೇಳೋಕೆ ನಾಚಿಕೆಪಟ್ಟು ಅಜ್ಜಿ ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದಾರೆ ಅಂತ ಕಂಡುಹಿಡಿದವಳು ಅವಳೇ.

ಆದರೆ ಅದೇ ವಾರ ಇನ್ನೊಂದು ನಡೀತು. ರಾತ್ರಿ ಮೂರು ಗಂಟೆಗೆ ಡ್ರಿಪ್ ಖಾಲಿಯಾಗಿ ಪೈಪಿನಲ್ಲಿ ರಕ್ತ ಮೇಲೇರತೊಡಗಿತು. ನರ್ಸ್ ಬೇರೆ ರೋಗಿಯ ಹತ್ತಿರ ಇದ್ದರು. ತೊಂದರೆ ಕೊಡೋದು ಬೇಡ ಅಂತ ತಂಗಿ ಹತ್ತು ನಿಮಿಷ ಬಾಗಿಲಲ್ಲೇ ನಿಂತಿದ್ದಳು. ಅಷ್ಟರಲ್ಲಿ ರಕ್ತ ಹೆಪ್ಪುಗಟ್ಟಿ ಸೂಜಿ ಕಟ್ಟಿಕೊಂಡಿತ್ತು. ಅಜ್ಜಿಯ ಇನ್ನೊಂದು ಕೈಗೆ ಮತ್ತೆ ಚುಚ್ಚಬೇಕಾಯ್ತು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಇದೆಲ್ಲಕ್ಕೂ "ಶೈ" ಅನ್ನೋ ಒಂದೇ ಲೇಬಲ್ ಅಂಟಿಸಿದ್ದೆವು. ಕನ್ನಡದಲ್ಲಿ ನಾಚಿಕೆ, ಸಂಕೋಚ, ದಾಕ್ಷಿಣ್ಯ ಅಂತ ಮೂರು ಪದ ಇವೆ. ಅಜ್ಜಿಯದು ನಾಚಿಕೆ. ಬಸ್ಸಲ್ಲಿ ತಂಗಿಯದು ಸಂಕೋಚ. ಆ ರಾತ್ರಿಯದು ದಾಕ್ಷಿಣ್ಯ. ಮೊದಲೆರಡರ ಜೊತೆ ನರ್ಸ್ ಆಗಿ ಬದುಕಬಹುದೇನೋ. ಮೂರನೆಯದು ಅಪಾಯ.

ಹೀಗಂತ ನಾವೇ ತೀರ್ಪು ಕೊಡೋ ಮೊದಲು, ನಮ್ಮ ಬೀದಿಯಲ್ಲೇ ಇರೋ ಒಬ್ಬ ಹಿರಿಯ ನರ್ಸ್ ಮನೆಗೆ ಹೋದೆವು. ಅವರು ತಂಗಿಯ ಕಡೆ ನೋಡಿ "ಯಾಕೆ ನರ್ಸಿಂಗ್?" ಅಂದರು. ನಾವು ಮೂವರೂ ಒಟ್ಟಿಗೆ ಬಾಯಿ ತೆರೆದೆವು. "ನಾನು ಕೇಳಿದ್ದು ಅವಳನ್ನ" ಅಂದರು.

ನಮಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳೀಲಿಲ್ಲ. ಅವಳ ಪರವಾಗಿ ಹೋಟೆಲಲ್ಲಿ ದೋಸೆ ಹೇಳೋದು, ಫೋನ್ ಎತ್ತೋದು, ಡಾಕ್ಟರಿಗೆ ಹೊಟ್ಟೆನೋವು ವಿವರಿಸೋದು, ಎಲ್ಲಾ ನಾವೇ ಮಾಡಿಕೊಂಡು ಬಂದಿದ್ದೆವು.

ತುಂಬಾ ಹೊತ್ತಾದ ಮೇಲೆ ತಂಗಿ ಅಂದಳು: "ಅಜ್ಜಿ ಹೇಳ್ದೇ ಇದ್ದದ್ದು ನಂಗೆ ಗೊತ್ತಾಗ್ತಿತ್ತು. ಆದ್ರೆ ಕರೀಬೇಕಾದಾಗ ಕರೀಲಿಲ್ಲ."

"ಮೊದಲನೆಯದನ್ನ ಕಲಿಸೋದು ಕಷ್ಟ, ಎರಡನೆಯದನ್ನ ಕಲಿಸ್ತಾರೆ" ಅಂದರು ಅವರು. ಮೆತ್ತನೆ ದನಿ ತೊಂದರೆ ಅಲ್ವಂತೆ, ಮೌನ ತೊಂದರೆ. ಡಾಕ್ಟರಿಗೆ ಫೋನ್ ಮಾಡೋಕೂ ಒಂದು ಕ್ರಮ ಇದೆ, ಎಸ್‌ಬಿಎಆರ್ ಅಂತ: ಈಗ ಏನಾಗ್ತಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತೆ, ಏನು ಮಾಡಬೇಕು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಇದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರೋಟೋಕಾಲ್. ಪ್ಯಾಕೆಟ್ ಕಳಿಸೋ ಕಂಪ್ಯೂಟರಿಗೆ ಧೈರ್ಯ ಇದೆಯಾ ಅಂತ ಯಾರೂ ಕೇಳಲ್ಲ.

ಆ ರಾತ್ರಿ ನಾವು ಇನ್ನೊಂದು ಓದಿದೆವು. ಫ್ಲಾರೆನ್ಸ್ ನೈಟಿಂಗೇಲ್ 1856ರಲ್ಲಿ ಕ್ರಿಮಿಯಾ ಯುದ್ಧದಿಂದ ಮನೆಗೆ ಮರಳಿದ್ದು "ಮಿಸ್ ಸ್ಮಿತ್" ಅನ್ನೋ ಹೆಸರಲ್ಲಿ. ಜನರ ಜೈಕಾರ ಬೇಡವಾಗಿತ್ತು. ಆದರೆ ಸೈನಿಕರು ಯಾಕೆ ಸತ್ತರು ಅಂತ ಸರ್ಕಾರಕ್ಕೆ ಅಂಕಿ ಅಂಶ ಇಟ್ಟು ಹೇಳೋಕೆ ಆಕೆ ಹಿಂಜರೀಲಿಲ್ಲ.

ತಂಗಿ ಈ ಸಲ ಸಿಇಟಿ ಬರೆದಿದ್ದಾಳೆ. ಬಿ.ಎಸ್ಸಿ ನರ್ಸಿಂಗ್, ನಾಲ್ಕು ವರ್ಷ. ಅವಳಿಗೆ ಅದು ಸರಿಹೋಗುತ್ತೋ ಇಲ್ವೋ, ವಾರ್ಡಿನಲ್ಲಿ ನಿಂತಾಗ ಗೊತ್ತಾಗುತ್ತೆ. ಸದ್ಯಕ್ಕೆ ನಮ್ಮ ಪಾಲಿನ ಕೆಲಸ ಒಂದೇ: ಬಾಯಿ ಮುಚ್ಚಿಕೊಂಡಿರೋದು.

ಮೊನ್ನೆ ಕೆಂಗೇರಿಯಿಂದ ಬರುವಾಗ ವಿಜಯನಗರದಲ್ಲಿ ಬಾಗಿಲು ಮುಚ್ಚತೊಡಗಿತು. ನಾವು ಸುಮ್ಮನಿದ್ದೆವು. ನಮಗೇ ಕಷ್ಟ ಆಯ್ತು.

"ಹೋಲ್ಡಾನ್" ಅಂತ ಸಣ್ಣ ದನಿ ಬಂತು. ಕಂಡಕ್ಟರಿಗೆ ಕೇಳಿಸಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು.