ಬಹುಮಾನವಿಲ್ಲದ ಚಿತ್ರಗಳು

ನಮ್ಮ ಶಾಲೆ ಐವತ್ತು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮಿತ್ರರು ಕೇಳಿದಾಗ, ಅಂಕಪಟ್ಟಿಯಲ್ಲಿ ಎಂದೂ ದೊಡ್ಡ ಸ್ಥಾನ ಪಡೆಯದ ಒಂದು ವಿಷಯವನ್ನೇ ಆರಿಸಿಕೊಳ್ಳಬೇಕೆನಿಸಿತು. ಶಾಲೆಯ ಸಾಧನೆಗಳನ್ನೂ ಗುರುಹಿರಿಯರ ತ್ಯಾಗವನ್ನೂ ನನಗಿಂತ ಸಮರ್ಥರು ಈ ಸಂಚಿಕೆಯಲ್ಲಿ ಸ್ಮರಿಸುತ್ತಾರೆ. ನಾನು ಹೇಳಹೊರಟಿರುವುದು ಚಿತ್ರ ಬರೆಯುವ ಹವ್ಯಾಸದ ಮಾತು. ಅದರಲ್ಲೂ ಚಿತ್ರಕಲೆಯನ್ನು ಕ್ರಮವಾಗಿ ಅಭ್ಯಾಸ ಮಾಡದ ನಮ್ಮಂಥವರು ಬರೆದದ್ದನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಪಡುವ ಸಂತೋಷದ ಮಾತು. ನಾನು ಕಲಾವಿದನಲ್ಲ. ಕಾರಮಡೈಯ ನೇಕಾರರ ಮನೆಯಲ್ಲಿ ಹುಟ್ಟಿ, ಈ ಶಾಲೆಯ ಮೊದಮೊದಲ ವರ್ಷಗಳಲ್ಲಿ ಓದಿ, ಕೊಯಮತ್ತೂರಿನ ನೂಲಿನ ಗಿರಣಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಅಂಕಿಗಳಿಗೆ ಬಳಸುತ್ತಿದ್ದ ಪೆನ್ಸಿಲನ್ನು ಚಿತ್ರಕ್ಕಾಗಿ ಹಿಡಿದದ್ದು ಆಮೇಲೆ.

ನಮ್ಮ ಭಾಷೆಯಲ್ಲಿ ಒಂದು ಸೊಗಸಿದೆ. ಕನ್ನಡಿಗರಾದ ನಾವು ಪತ್ರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ ಸಾಕಾಗಿದೆ. ಅಕ್ಷರ ಕಲಿಯುವ ಮೊದಲೇ ಮಗು ಸೀಮೆಸುಣ್ಣದ ತುಂಡು ಸಿಕ್ಕರೆ ಗೋಡೆಯ ಮೇಲೆ ಗೆರೆ ಎಳೆಯುತ್ತದೆ. ಎಳೆದೊಡನೆ ಅಮ್ಮನ ಸೆರಗು ಹಿಡಿದು ತಂದು ತೋರಿಸುತ್ತದೆ. ಬರೆಯುವುದೂ ತೋರಿಸುವುದೂ ಅದರ ಪಾಲಿಗೆ ಬೇರೆ ಬೇರೆ ಕೆಲಸಗಳಲ್ಲ. ದೊಡ್ಡವರಾದಂತೆ ನಾವು ಬರೆಯುವುದನ್ನು ಬಿಡುತ್ತೇವೆ. ಬಿಡದವರು ಕೂಡ ತೋರಿಸುವುದನ್ನು ಬಿಡುತ್ತಾರೆ.

ಆದರೆ ತೋರಿಸುವ ಈ ಪದ್ಧತಿ ನಮ್ಮ ಬೀದಿಗಳಿಗೆ ಹೊಸದೇನೂ ಅಲ್ಲ. ಧನುರ್ಮಾಸದ ಬೆಳಗಿನ ಜಾವದಲ್ಲಿ ಪ್ರತಿ ಮನೆಯ ಮುಂದೆ ಮೂಡುವ ರಂಗೋಲಿಯನ್ನು ನೆನೆಯಿರಿ. ನಮ್ಮ ತಾಯಿಯವರ ಬಳಿ ಹಳೆಯ ಶಾಲಾ ಪುಸ್ತಕವೊಂದಿತ್ತು. ಅದರ ಖಾಲಿ ಹಾಳೆಗಳ ತುಂಬ ಪೆನ್ಸಿಲಿನ ರಂಗೋಲಿಗಳು. ಒಂದೊಂದರ ಕೆಳಗೂ 'ಹದಿನೈದು ಚುಕ್ಕಿ, ಮಧ್ಯದ ಚುಕ್ಕಿ, ಎಂಟರವರೆಗೆ' ಎಂಬಂಥ ಟಿಪ್ಪಣಿ. ಎಂದರೆ ನಡುಸಾಲಿನಲ್ಲಿ 15 ಚುಕ್ಕಿಗಳನ್ನಿಟ್ಟು, ಮೇಲಕ್ಕೂ ಕೆಳಕ್ಕೂ ಸಾಲಿಗೊಂದು ಕಡಿಮೆಯಾಗುವಂತೆ, ಹಿಂದಿನ ಸಾಲಿನ ಎರಡು ಚುಕ್ಕಿಗಳ ನಡುವಿಗೆ ಬರುವಂತೆ ಇಡುತ್ತ, 8ಕ್ಕೆ ನಿಲ್ಲಿಸುವುದು. ಲೆಕ್ಕದ ಮನುಷ್ಯನಾದ ನಾನು ಒಮ್ಮೆ ಕೂಡಿ ನೋಡಿದೆ: ಒಟ್ಟು 169 ಚುಕ್ಕಿಗಳು, ಆರು ಮೂಲೆಗಳ ಒಂದು ಸುಂದರ ಆಕೃತಿ. ರೇಖಾಗಣಿತದ ಹೆಸರನ್ನೂ ಕೇಳದ ಹೆಣ್ಣುಮಕ್ಕಳು ಇದನ್ನು ದೀಪದ ಬೆಳಕಿನಲ್ಲಿ ತಪ್ಪಿಲ್ಲದೆ ಹಾಕುತ್ತಿದ್ದರು. ಆ ಪುಸ್ತಕ ಮನೆಯಿಂದ ಮನೆಗೆ ಹೋಗುತ್ತಿತ್ತು. "ಅಕ್ಕಾ, ಪುಸ್ತಕ ಎರಡು ದಿನಕ್ಕೆ ಕೊಡಿ" ಎಂದು ಒಯ್ದವರು ತಮಗೆ ತಿಳಿದ ಒಂದೆರಡು ರಂಗೋಲಿಗಳನ್ನು ಸೇರಿಸಿಯೇ ಹಿಂದಿರುಗಿಸುತ್ತಿದ್ದರು. ಯಾರ ರಂಗೋಲಿ ಮೊದಲನೆಯದು, ಯಾರದು ಎರಡನೆಯದು ಎಂಬ ಪ್ರಶ್ನೆ ಆ ಪುಸ್ತಕದಲ್ಲಿ ಇರಲಿಲ್ಲ.

ಮನೆಯೊಳಗೆ ಇನ್ನೊಂದು ಬಗೆಯ ಚಿತ್ರವಿತ್ತು. ಕಾರಮಡೈ, ಸಿರುಮುಗೈ ಕಡೆಯ ಮಗ್ಗಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೀರೆಯ ಸೆರಗಿಗೋ ಅಂಚಿಗೋ ಬೇಕಾದ ನವಿಲನ್ನು, ಮಾವಿನಕಾಯಿಯನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಒಂದೊಂದು ಪುಟ್ಟ ಚೌಕವೂ ಹಾಸು ಹೊಕ್ಕುಗಳು ಕೂಡುವ ಒಂದು ಸ್ಥಳ. ತುಂಬಿದ ಚೌಕಗಳನ್ನು ನೋಡಿಕೊಂಡು ರಟ್ಟಿನ ಪಟ್ಟಿಗಳಲ್ಲಿ ರಂಧ್ರ ಕೊರೆಯುತ್ತಾರೆ. ಆ ಪಟ್ಟಿಗಳು ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಯಲ್ಲಿ ಒಂದೊಂದಾಗಿ ಸರಿದಂತೆ, ರಂಧ್ರವಿದ್ದೆಡೆ ಕೊಕ್ಕೆ ಮೇಲೆದ್ದು ಎಳೆಯನ್ನು ಎತ್ತುತ್ತದೆ. ಕಾಗದದ ನವಿಲು ರೇಷ್ಮೆಯ ನವಿಲಾಗುವುದು ಹೀಗೆ. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿರುವ ಕಸ್ತೂರಿ ಶ್ರೀನಿವಾಸನ್ ಕಲಾ ಗ್ಯಾಲರಿಯಲ್ಲಿ ಚಿತ್ರಶಾಲೆಯೂ ಜವಳಿ ಸಂಗ್ರಹಾಲಯವೂ ಒಟ್ಟಿಗೇ ಇರುವುದನ್ನು ಕಂಡಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ನಾಡಿನಲ್ಲಿ ಅವು ಒಂದೇ ಮನೆಯ ಮಕ್ಕಳು.

ಇಷ್ಟಿದ್ದರೂ ಬಹುಮಂದಿ "ನನಗೆ ಚಿತ್ರ ಬರುವುದಿಲ್ಲ" ಎಂದು ಹೇಳುತ್ತಾರೆ. ಹತ್ತು ಹನ್ನೆರಡರ ಪ್ರಾಯದಲ್ಲಿ ಮಗುವಿಗೆ ಕಂಡದ್ದನ್ನು ಕಂಡಂತೆಯೇ ಬರೆಯಬೇಕೆಂಬ ಹಟ ಹುಟ್ಟುತ್ತದೆ. ಆದರೆ ಕಣ್ಣು ಬೆಳೆದಷ್ಟು ಕೈ ಬೆಳೆದಿರುವುದಿಲ್ಲ. ಆ ಸಮಯದಲ್ಲಿ ಪಕ್ಕದವನಿಗೆ ಬಹುಮಾನ ಬಂದು, ತನ್ನ ಕುದುರೆಯನ್ನು ನೋಡಿ ಯಾರಾದರೂ ಕತ್ತೆಯೆಂದು ನಕ್ಕರೆ, ಪೆನ್ಸಿಲು ಕೆಳಗೆ ಬೀಳುತ್ತದೆ. ಮತ್ತೆ ಅದನ್ನು ಎತ್ತಿಕೊಳ್ಳಲು ಕೆಲವರಿಗೆ ಐವತ್ತು ವರ್ಷ ಬೇಕಾಗುತ್ತದೆ. ಅನೇಕರು ಎತ್ತಿಕೊಳ್ಳುವುದೇ ಇಲ್ಲ. ಹಾಡಲು ಬಾರದವರೂ ದೇವರ ಮುಂದೆ ಹಾಡುತ್ತಾರೆ. ಚಿತ್ರಕ್ಕೆ ಮಾತ್ರ ನಾವು ಈ ರಿಯಾಯಿತಿಯನ್ನು ಕೊಟ್ಟಿಲ್ಲ.

ತಡವಾಗಿ ತೊಡಗಿದವರಿಗೆ ಧೈರ್ಯ ಕೊಡುವ ಹಿರಿಯರಿದ್ದಾರೆ. ರವೀಂದ್ರನಾಥ ಠಾಕೂರರು ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸಿ ಆಕೃತಿಗಳನ್ನಾಗಿ ಮಾಡುತ್ತ, ಅರವತ್ತು ದಾಟಿದ ಮೇಲೆ ಚಿತ್ರರಚನೆಯಲ್ಲಿ ಮುಳುಗಿದರು. ಅವರ ಚಿತ್ರಗಳ ಮೊದಲ ಪ್ರದರ್ಶನ ಪ್ಯಾರಿಸಿನಲ್ಲಿ 1930ರಲ್ಲಿ ನಡೆಯಿತು; ಆಗ ಅವರಿಗೆ ಅರವತ್ತೊಂಬತ್ತರ ಆಸುಪಾಸು. ನಮ್ಮ ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನ, ವಿಜ್ಞಾನ ಗ್ರಂಥಗಳ ನಡುವೆಯೂ ಕುಂಚ ಹಿಡಿದವರು. ಅಂಥ ಪ್ರತಿಭೆ ನಮಗಿಲ್ಲ, ನಿಜ. ಆದರೆ ಕಾಗದದ ಮುಂದೆ ಕುಳಿತಾಗ ದೊರೆಯುವ ಏಕಾಗ್ರತೆಗೆ ಪ್ರತಿಭೆಯ ಪ್ರಮಾಣಪತ್ರ ಬೇಕಾಗಿಲ್ಲ.

ನಾವು ಏಳೆಂಟು ಮಂದಿ ತಿಂಗಳಿಗೊಂದು ಭಾನುವಾರ ಕೂಡುತ್ತೇವೆ. ಸಂಘವೆಂದು ಕರೆಯಲು ನಮಗೆ ಹೆಸರೂ ಇಲ್ಲ, ಅಧ್ಯಕ್ಷರೂ ಇಲ್ಲ. ಇಬ್ಬರು ಗೃಹಿಣಿಯರು, ಒಬ್ಬ ದರ್ಜಿ, ತಿರುಪ್ಪೂರಿನಲ್ಲಿ ಬನಿಯನ್ನುಗಳ ಮೇಲಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ರಚಿಸುವ ಒಬ್ಬ ತರುಣ, ಮಿಕ್ಕವರು ನನ್ನಂತೆ ನಿವೃತ್ತರು, ಜೊತೆಗೆ ಮೊಮ್ಮಕ್ಕಳು. ಒಮ್ಮೆ ರಂಗನಾಥಸ್ವಾಮಿ ದೇವಾಲಯದ ಮುಂದೆ, ಒಮ್ಮೆ ರೈಲು ನಿಲ್ದಾಣದ ಬಳಿ, ಒಮ್ಮೆ ಯಾರದಾದರೂ ತೋಟದಲ್ಲಿ ಎರಡು ಗಂಟೆ ಬರೆದು, ಆಮೇಲೆ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡುತ್ತೇವೆ. ನಮ್ಮಲ್ಲಿರುವುದು ಒಂದೇ ನಿಯಮ: 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎನ್ನುವಂತಿಲ್ಲ, ಕಂಡದ್ದನ್ನು ಹೇಳಬಹುದು, ಕಾಣದ್ದನ್ನು ಕೇಳಬಹುದು.

ಇದರಿಂದ ನನಗಾದ ಲಾಭ ದೊಡ್ಡದು. ಊರಿನ ಬಡಗಣಕ್ಕೆ ನಿಂತ ನೀಲಗಿರಿಯನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಅದು ನೀಲಿಯೆಂದೇ ನಂಬಿದ್ದೆ. ಬರೆಯಲು ಕುಳಿತ ದಿನ ಬೆಟ್ಟ ಬೆಳಿಗ್ಗೆ ಬೂದಿಯ ಬಣ್ಣವಾಗಿತ್ತು, ಹತ್ತು ಗಂಟೆಗೆ ಹಸಿರಾಯಿತು, ಮೋಡ ಹಾಯ್ದಾಗ ನೇರಳೆಯಾಯಿತು. ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಅದನ್ನು ಕಂದು ಬಣ್ಣದಲ್ಲಿ ಬರೆದಿದ್ದಳು. "ಯಾಕಮ್ಮಾ?" ಎಂದು ಕೇಳಿದರೆ, "ತಾತಾ, ಅಲ್ಲಿ ಮಣ್ಣು ಕುಸಿದಿದೆಯಲ್ಲಾ" ಎಂದಳು. ಅವಳು ತೋರಿಸಿದ ಮೇಲೆಯೇ ಆ ಗಾಯ ನನ್ನ ಕಣ್ಣಿಗೆ ಬಿತ್ತು. ಇನ್ನೊಬ್ಬರ ಚಿತ್ರವೆಂದರೆ ನಮಗೆ ಎರವಲಾಗಿ ದೊರೆತ ಇನ್ನೊಂದು ಜೊತೆ ಕಣ್ಣು ಎಂದರೆ ಅತಿಶಯೋಕ್ತಿಯಾಗಲಾರದು. ಆ ಬೆಟ್ಟದ ಇಳಿಜಾರುಗಳ ಆಲು ಕುರುಂಬರು ಎಲೆಯ ರಸ, ಇದ್ದಿಲು, ಹೊನ್ನೆ ಮರದ ಅಂಟುಗಳಿಂದ ಜೇನು ಕೀಳುವ, ಹಬ್ಬ ಮಾಡುವ ತಮ್ಮ ಜನರನ್ನು ಪುಟ್ಟ ಪುಟ್ಟ ರೇಖೆಗಳಲ್ಲಿ ಬರೆಯುತ್ತ ಬಂದಿದ್ದಾರೆ. ಬದುಕಿದ್ದನ್ನು ಬರೆಯಬೇಕು, ಅಷ್ಟೇ.

ಇಂಥ ಕೂಟಗಳು ಈಗ ಲೋಕದಲ್ಲೆಲ್ಲ ಇವೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಆರಂಭಿಸಿದ 'ಅರ್ಬನ್ ಸ್ಕೆಚರ್ಸ್' ಬಳಗದವರು ತಾವಿರುವ ಊರನ್ನು ಸ್ಥಳದಲ್ಲೇ ಕುಳಿತು ಬರೆದು ಹಂಚಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯೇ ಚಿತ್ರಶಾಲೆಯಾಗುತ್ತದೆ.

ಆದರೆ ನಮ್ಮ ಪುಟ್ಟ ಕೂಟದಲ್ಲಿ ನಾನು ನಿರೀಕ್ಷಿಸದಿದ್ದ ಇನ್ನೊಂದು ಫಲ ದೊರೆಯಿತು. ನಮ್ಮ ಮನೆಗಳ ಸ್ಥಿತಿ ವಾಚಕರಿಗೆ ತಿಳಿದದ್ದೇ. ಮಾತು ಕನ್ನಡ, ಓದು ತಮಿಳು, ಇಂಗ್ಲಿಷು. ಅನೇಕ ಮನೆಗಳಲ್ಲಿ ಕನ್ನಡ ಲಿಪಿ ಅಜ್ಜಿಯ ರಂಗೋಲಿ ಪುಸ್ತಕದೊಂದಿಗೇ ಮುಗಿದಿದೆ. ನಮ್ಮಲ್ಲಿಗೆ ಬರುತ್ತಿದ್ದ ವೃದ್ಧರೊಬ್ಬರು ವಯಸ್ಸಾಯಿತೆಂದು ಮಗ್ಗವನ್ನು ಮಾರಿದ್ದರು. ಓದುಬರಹ ಅರಿಯದವರು. ಒಂದು ಭಾನುವಾರ ಅವರು ಆ ಮಗ್ಗವನ್ನು ನೆನಪಿನಿಂದಲೇ ಬರೆಯತೊಡಗಿದರು. ನಾಲ್ಕು ತಿಂಗಳು ಅದೊಂದೇ ಚಿತ್ರ. ಗೆರೆಗಳು ನಡುಗಿದ್ದವು, ಆದರೆ ಒಂದು ಹಗ್ಗವೂ ತಪ್ಪಿರಲಿಲ್ಲ. "ಇದೇನು ತಾತಾ?" ಎಂದು ಮಕ್ಕಳು ಬೆರಳಿಟ್ಟು ಕೇಳಿದಂತೆಲ್ಲ ಲಾಳಿ, ಕಂಡಿಕೆ, ಹಣಿಗೆ, ರಾಟೆ ಎಂದು ಹೇಳುತ್ತ ಹೋದರು. ಹೆಸರುಗಳನ್ನು ಚಿತ್ರದಲ್ಲೇ ಬರೆಯಬೇಕೆಂದು ಮಕ್ಕಳು ಹಟ ಹಿಡಿದರು. ಬರೆಯಲು ಅಕ್ಷರ ಬೇಕಾಯಿತು. ಅಕ್ಷರಕ್ಕಾಗಿ ನನ್ನ ಬಳಿಗೆ ಬಂದರು. 'ಳ'ಕಾರ ಹೇಗೆ ಬರೆಯುವುದೆಂದು ನನ್ನ ಮೊಮ್ಮಗ ಮೊದಲು ಕಲಿತದ್ದು ಲಾಳಿಗಾಗಿ. ಮರುವರ್ಷ ಆ ಹಿರಿಯರು ತೀರಿಕೊಂಡರು. ಚಿತ್ರವನ್ನು ಅವರ ಮನೆಯವರು ಕಟ್ಟು ಹಾಕಿಸಿ, ಮಗ್ಗವಿದ್ದ ಕೋಣೆಯಲ್ಲಿಯೇ ತೂಗುಹಾಕಿದ್ದಾರೆ. ಯಾವ ಸ್ಪರ್ಧೆಯಲ್ಲೂ ಅದು ಗೆಲ್ಲುತ್ತಿರಲಿಲ್ಲ. ಮಾರಿದ ಮಗ್ಗದ ಹೆಸರುಗಳು ಮಾತ್ರ ಆ ಮಕ್ಕಳ ಬಾಯಲ್ಲಿ ಉಳಿದಿವೆ.

ಆದ್ದರಿಂದ ಶಾಲೆಯ ಆಡಳಿತ ಮಂಡಳಿಯಲ್ಲಿಯೂ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿಯೂ ನನ್ನದೊಂದು ವಿನಂತಿ. ಈ ಸುವರ್ಣ ವರ್ಷದಲ್ಲಿ ಶಾಲೆಯ ಒಂದು ಗೋಡೆಯನ್ನು ಬಿಟ್ಟುಕೊಡಿ. ಒಂದನೆಯ ತರಗತಿಯ ಮಗುವಿನಿಂದ ಹಿಡಿದು ಎಂಬತ್ತರ ಹಿರಿಯರವರೆಗೆ ಯಾರು ಬೇಕಾದರೂ ತಮ್ಮ ಮನೆಯ ಒಂದು ವಸ್ತುವನ್ನು ಬರೆದು, ಅದರ ಹೆಸರನ್ನು ಕನ್ನಡದಲ್ಲಿ ಕೆಳಗೆ ಬರೆದು ಅಂಟಿಸಲಿ. ತೀರ್ಪುಗಾರರು ಬೇಡ, ಬಹುಮಾನವೂ ಬೇಡ. ಅಕ್ಷರ ಬಾರದವರ ಚಿತ್ರಕ್ಕೆ ಮಕ್ಕಳು ಹೆಸರು ಬರೆಯಲಿ.

ನಮಗೆ ಬರೆಯಲು ಕಲಿಸಿದ ಈ ವಿದ್ಯಾಸಂಸ್ಥೆ ಶತಮಾನೋತ್ಸವವನ್ನೂ ಕಾಣಲಿ. ಅಂದಿನ ಮಕ್ಕಳೂ ಆ ಮಾತಿನ ಎರಡು ಅರ್ಥಗಳಲ್ಲಿಯೂ ಬರೆಯುತ್ತಿರಲಿ ಎಂದು ಹಾರೈಸುತ್ತೇನೆ.